ಪೋಟಗಿಯ ಬಾಕಿಯೂ ಹೊಲದ ಉತಾರವೂ

ಮಲಪ್ರಭೆಯ ದಂಡೆಯ ಹೊಳೆಆಲೂರಿನ ಸೀಮೆಯಲ್ಲಿ ಮನೆತನದ ಯೋಗ್ಯತೆಯನ್ನು ಅಳೆಯುವ ಮಾನದಂಡವು ಇಂದಿಗೂ ಎರೆಹೊಲವೇ ಆಗಿರುವುದರಿಂದ, ಸಂಬಂಧ ಗೊತ್ತುಮಾಡುವ ದಿನ ವರನ ಕಡೆಯ ಹಿರಿಯರು ಅಭಿಮಾನದಿಂದ ಎಣಿಸಿ ಹೇಳಿದ ಎಕರೆಗಳು, ಅದೇ ಸಂಬಂಧ ಮುರಿದು ಪೋಟಗಿಯ, ಎಂದರೆ ಜೀವನಾಂಶದ, ದಾವೆಯು ರೋಣದ ನ್ಯಾಯಾಲಯವನ್ನು ಮುಟ್ಟುವ ಹೊತ್ತಿಗೆ ಎತ್ತ ಹೋದವೆಂಬುದು ವಿಚಾರಯೋಗ್ಯವಾದ ಸಂಗತಿಯಾಗಿದೆ. ಹೊಳೆ ಬಂದು ಮುಳುಗಿಸಿದರೂ ನೆಲವು ನೀರಿಳಿದ ಮೇಲೆ ಇದ್ದಲ್ಲಿಯೇ ಇರುತ್ತದೆ. ಹೆಸರು ಬಿತ್ತಿದವನೂ ಕಡಲೆ ಕಿತ್ತವನೂ ಆ ವರನೇ ಎಂಬುದನ್ನು ಊರೆಲ್ಲ ಕಂಡಿರುತ್ತದೆ. ಆದರೆ ಉತಾರ ತೆಗೆಸಿದರೆ ಒಂದು ತುಂಡು ತಾಯಿಯ ಹೆಸರಿಗೆ, ಮತ್ತೊಂದು ಅಣ್ಣನ ಹೆಸರಿಗೆ, ಉಳಿದುದು ವಾಟ್ನಿಯೇ ಆಗದೆ ಅಜ್ಜನ ಹೆಸರಿಗೆ. "ಅವನ ಹೆಸರಲೆ ಗೇಣು ಹೊಲಾ ಇಲ್ಲ ನೋಡಬೇ ಯವ್ವಾ" ಎಂದು ಯಾರಾದರೊಬ್ಬರು ಮರುಕದಿಂದಲೇ ಹೇಳುತ್ತಾರೆ. ತೀರ್ಪಿನ ನಕಲನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ಹೆಣ್ಣುಮಗಳು ಮುಂದಿನ ಬಸ್ಸಿಗೆ ತವರಿಗೆ ಹಿಂದಿರುಗುತ್ತಾಳೆ.

ಮ್ಯಾಜಿಸ್ಟ್ರೇಟರ ಮುಂದಿನ ದಾರಿ, ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಾಗಿದ್ದು 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾದುದು, ಯಾವ ಮತದ ಹೆಣ್ಣಿಗೂ ತೆರೆದಿದೆ, ಸುಲಭವೂ ಆಗಿದೆ. ಬಾಕಿಯನ್ನು ದಂಡದಂತೆ ವಸೂಲು ಮಾಡಲು ವಾರಂಟು ಹೊರಡಿಸಬಹುದು. ಜಿಲ್ಲಾಧಿಕಾರಿಗೆ ಬರೆದು ಭೂಕಂದಾಯದ ಬಾಕಿಯೆಂಬಂತೆ ಸ್ಥಿರಾಸ್ತಿಯಿಂದಲೇ ಎತ್ತಿಸಬಹುದು. ಆದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬೀಳದಿದ್ದರೆ ಆ ಕಂತಿಗೆ ಈ ವಾರಂಟು ದೊರೆಯದು. ಇಂದು ಕೊಟ್ಟಾನು, ಸುಗ್ಗಿಗೆ ಕೊಟ್ಟಾನು, ಹಿರಿಯರು ಹೇಳಿಸಿದರೆ ಕೊಟ್ಟಾನು ಎಂದು ಕಾಯುವ ತಾಳ್ಮೆಯುಳ್ಳವಳೇ ಇಲ್ಲಿ ಹೆಚ್ಚು ಕಳೆದುಕೊಳ್ಳುತ್ತಾಳೆಂಬುದು ನಮ್ಮ ನ್ಯಾಯವ್ಯವಸ್ಥೆಯ ಕ್ರೂರ ವಿನೋದಗಳಲ್ಲೊಂದು. ಒಂದು ತಿಂಗಳು ಒಳಗೆ ಕುಳಿತು ಬಂದರೆ ಬಾಕಿ ಹರಿಯಿತೆಂದು ಎದೆಯುಬ್ಬಿಸುವ ಗಂಡಂದಿರಿಗಾದರೋ, ಸೆರೆವಾಸವು ವಸೂಲಿಯ ಉಪಾಯವೇ ಹೊರತು ಪಾವತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಹೇಳಿದೆ.

ಗಂಡನ ಸ್ವತ್ತಿನ ಮೇಲೆ ಹೆಂಡತಿಯ ಹೊಟ್ಟೆಯ ಹಕ್ಕನ್ನು ಕಟ್ಟುವುದು ಪಶ್ಚಿಮದಿಂದ ಬಂದ ಹೊಸ ಉಪದ್ರವವೆಂದು ಕಟ್ಟೆಯ ಮೇಲೆ ವಾದಿಸುವವರುಂಟು. ಅಂಥವರು, ಈ ನಾಡನ್ನೂ ಆಳಿದ ಕಲ್ಯಾಣದ ಚಾಲುಕ್ಯರ ರಾಜಧಾನಿಯಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಯಾವ ಸ್ಮೃತಿಗೆಂಬುದನ್ನು ನೆನೆಯಬೇಕು. ಸದ್ಗುಣಿಯಾದ ಹೆಂಡತಿಯನ್ನು ತೊರೆದವನಿಂದ ಸ್ವತ್ತಿನ ಮೂರನೆಯ ಒಂದು ಪಾಲನ್ನು ಕೊಡಿಸಬೇಕು, ನಿರ್ಧನನಾದರೆ ಅವಳ ಪೋಷಣೆಯನ್ನಾದರೂ ಹೊರಿಸಬೇಕು ಎಂದು ವಿಧಿಸಿದ ಯಾಜ್ಞವಲ್ಕ್ಯನ ಸ್ಮೃತಿಗೆ ಅದು ವ್ಯಾಖ್ಯಾನ. ಹೆಂಡತಿಯು ಸದ್ಗುಣಿಯೋ ಅಲ್ಲವೋ ಎಂಬುದನ್ನು ನಿರ್ಣಯಿಸುವವರು ಯಾರೆಂಬ ಪ್ರಶ್ನೆ ಬೇರೆ. ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶಕ್ಕೆ ಮುಂಬಯಿ ಪ್ರಾಂತದ 1947ರ ಹಿಂದೂ ವಿಚ್ಛೇದನ ಕಾಯ್ದೆಯೂ ಅನ್ವಯಿಸಿತ್ತು. ವಿಚ್ಛೇದನವು ಇಲ್ಲಿಯ ನ್ಯಾಯಾಲಯಗಳಿಗೆ ನಿನ್ನೆ ಮೊನ್ನೆಯ ಅತಿಥಿಯಲ್ಲ.

1955ರ ಹಿಂದೂ ವಿವಾಹ ಕಾಯ್ದೆಯ 25ನೆಯ ಕಲಮಿನಲ್ಲಿ, ಶಾಶ್ವತ ಜೀವನಾಂಶವನ್ನು ಗೊತ್ತುಪಡಿಸುವಾಗ ಅವಶ್ಯವೆನಿಸಿದರೆ ಪ್ರತಿವಾದಿಯ ಸ್ಥಿರಾಸ್ತಿಯ ಮೇಲೆಯೇ ಅದರ ಭಾರವನ್ನು ಹೊರಿಸಬಹುದೆಂದು ನಿಚ್ಚಳವಾಗಿ ಬರೆದಿದೆ. ಇದಕ್ಕೇ ನಮ್ಮ ಕಡೆಯವರು ಬೋಜಾ ಎನ್ನುವುದು. ಸೊಸೈಟಿಯ ಸಾಲ ಪಡೆದ ರೈತನ ಉತಾರದ ಹನ್ನೊಂದನೆಯ ಅಂಕಣದಲ್ಲಿ ಸಾಲದ ನಮೂದು ಕೂಡುತ್ತದಷ್ಟೆ. ಅದನ್ನು ತೀರಿಸದೆ ಹೊಲವನ್ನು ಕೊಳ್ಳಲು ಬುದ್ಧಿಯಿರುವವನು ಮುಂದೆ ಬರುವುದಿಲ್ಲ. ಹಾಗಿರುವಲ್ಲಿ, ಸರ್ವೇ ನಂಬರನ್ನು ಹೆಸರಿಸಿ ಬೋಜಾ ಕೂಡಿಸಿದ ತೀರ್ಪನ್ನು ಪಡೆದು ವರದಿ ಕೊಟ್ಟು ಅದೇ ಅಂಕಣಕ್ಕೆ ಏರಿಸಿದ ಹೆಣ್ಣುಮಗಳು, ತಿಂಗಳು ತಿಂಗಳೂ ಬೇಡುವವಳಾಗಿ ಉಳಿಯದೆ, ಸೊಸೈಟಿಯ ಪಂಕ್ತಿಯಲ್ಲಿಯೇ ಕುಳಿತು ಸಾಲ ಕೊಟ್ಟವಳಂತಾಗುತ್ತಾಳೆ. ಈ ನಮೂದಿಗೆ ಇನ್ನೊಂದು ಬಲವಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮೇರೆಗೆ, ಆಸ್ತಿಯ ಉತ್ಪನ್ನದಿಂದ ಜೀವನಾಂಶ ಪಡೆಯುವ ಹಕ್ಕು ಪುಕ್ಕಟೆಯಾಗಿ ಬರೆಸಿಕೊಂಡವನ ಮೇಲೂ, ಹಕ್ಕಿನ ಅರಿವಿದ್ದು ಕೊಂಡವನ ಮೇಲೂ ನಡೆಯುತ್ತದೆ. ಅರಿವಿಲ್ಲದೆ ಹಣ ಕೊಟ್ಟು ಕೊಂಡವನ ಮೇಲೆ ನಡೆಯದು. ಅಣ್ಣನಿಗೆ ಮಾಡಿದ ದಾನಪತ್ರವನ್ನು ಹಿಡಿಯಬಹುದು. ಪರಊರಿನ ಖರೀದಿದಾರನನ್ನು ಹಿಡಿಯಬೇಕಾದರೆ ಉತಾರವೇ ಮಾತನಾಡಬೇಕು.

ಸಿವಿಲ್ ಜಪ್ತಿಯಲ್ಲಿ ಒಕ್ಕಲಿಗನ ಎತ್ತು, ನೇಗಿಲು, ಬೀಜದ ಕಾಳು, ವಾಸದ ಮನೆ ಇವುಗಳಿಗೆ ಕೈಯಿಡುವಂತಿಲ್ಲ; ಅದು ಯೋಗ್ಯವೂ ಹೌದು. ಹೊಲಕ್ಕೆ ಆ ರಕ್ಷೆಯಿಲ್ಲ. ನೌಕರನಾಗಿದ್ದರೆ, ಸಾಮಾನ್ಯ ಸಾಲಕ್ಕೆ ಸಿಕ್ಕದಷ್ಟು ಸಂಬಳ ಜೀವನಾಂಶದ ಡಿಕ್ರಿಗೆ ಸಿಕ್ಕುತ್ತದೆ; ಮೂರನೆಯ ಒಂದು ಭಾಗ ಮಾತ್ರ ಅವನಿಗೆ ಮೀಸಲು. 2020ರ ನವೆಂಬರಿನಲ್ಲಿ ರಜನೀಶ್–ನೇಹಾ ಮೊಕದ್ದಮೆಯ ತೀರ್ಪು ಬಂದ ಮೇಲೆ ಉಭಯ ಪಕ್ಷದವರೂ ಆಸ್ತಿ ಮತ್ತು ಋಣಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕಾಗಿದೆ.

ಆದುದರಿಂದ ರೋಣ, ನರಗುಂದ, ಗಜೇಂದ್ರಗಡಗಳ ವಕೀಲ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಜೀವನಾಂಶದ ಅರ್ಜಿಯೊಡನೆ ಹೊಲದ ಉತಾರವನ್ನು ಲಗತ್ತಿಸಿರಿ, ಪರಭಾರೆಗೆ ಮೊದಲೇ ತಡೆಯಾಜ್ಞೆ ಕೇಳಿರಿ, ಬೋಜಾದ ಪ್ರಾರ್ಥನೆಯನ್ನು ಮೂಲ ಅರ್ಜಿಯಲ್ಲಿಯೇ ಬರೆಯಿರಿ. ಫೀಜಿಗೆ ಗತಿಯಿಲ್ಲದ ತಂಗಿಯರೂ ಹಿಂಜರಿಯಬೇಕಾಗಿಲ್ಲ; 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಆದಾಯವೆಷ್ಟೇ ಇರಲಿ, ಹೆಣ್ಣಿಗೆ ವಕೀಲರ ನೆರವು ಉಚಿತ, ಅದಕ್ಕೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಸಾಕು.