ಹೃದಯ ತೋಡಿಕೊಂಡ ಕಾಲುವೆ

ದೇಹಕ್ಕೆಲ್ಲ ರಕ್ತ ಹಂಚುವ ಹೃದಯಕ್ಕೂ ರಕ್ತ ಬೇಕು. ಆದರೆ ತನ್ನೊಳಗೇ ತುಂಬಿ ಹರಿಯುವ ರಕ್ತವನ್ನು ಅದು ನೇರವಾಗಿ ಬಳಸಿಕೊಳ್ಳಲಾರದು. ಅದರ ಗೋಡೆ ಅಷ್ಟು ದಪ್ಪ. ಅದಕ್ಕೆಂದೇ ಮಹಾಪಧಮನಿಯ ಬುಡದಲ್ಲಿ ಎರಡು ನಾಳಗಳು ಹೊರಟು ಹೃದಯದ ಮೈಮೇಲೆ ಕವಲೊಡೆಯುತ್ತವೆ. ಇವೇ ಕರೊನರಿ ಅಪಧಮನಿಗಳು. ಇವು ಕಟ್ಟಿಕೊಂಡರೆ ಹೃದಯಾಘಾತ.

ಗರ್ಭದಲ್ಲಿ ಈ ನಾಳಗಳು ಮೂಡುವುದು ಹೇಗೆ? ಭ್ರೂಣಕ್ಕೆ ಮೂರು ವಾರ ಕಳೆಯುತ್ತಿದ್ದಂತೆ ಹೃದಯ ಮಿಡಿಯತೊಡಗುತ್ತದೆ. ಆಗ ಅದೊಂದು ತೆಳು ಕೊಳವೆ. ಒಳಗೆ ಹರಿಯುವ ರಕ್ತದಿಂದಲೇ ಆಹಾರ, ಆಮ್ಲಜನಕ ಗೋಡೆಗೆ ಜಿನುಗುತ್ತವೆ. ಗೋಡೆ ದಪ್ಪವಾದಂತೆ ಜಿನುಗು ಸಾಲದು, ಕಾಲುವೆಯೇ ಬೇಕು.

ಈ ಕಾಲುವೆಗಳು ಮಹಾಪಧಮನಿಯಿಂದಲೇ ಚಿಗುರೊಡೆಯುತ್ತವೆ ಎಂದು ಬಹುಕಾಲ ನಂಬಲಾಗಿತ್ತು. 1989ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಗೌಜಲ ಹಕ್ಕಿಯ ಭ್ರೂಣಗಳನ್ನು ಪರೀಕ್ಷಿಸಿದವರಿಗೆ ಕಂಡದ್ದೇ ಬೇರೆ. ನಾಳಗಳ ಜಾಲ ಮೊದಲು ಹೃದಯದ ಮೇಲೆ ಹೆಣೆದುಕೊಳ್ಳುತ್ತದೆ. ಆಮೇಲೆ ಹೊರಗಿನಿಂದ ಮಹಾಪಧಮನಿಯ ಗೋಡೆಯನ್ನು ತೂರಿ ಒಳಸೇರುತ್ತದೆ. ಕೆರೆಯಿಂದ ಗದ್ದೆಗೆ ಕಾಲುವೆ ತೋಡುವುದು ಲೋಕರೂಢಿ. ಇಲ್ಲಿ ಗದ್ದೆಯಲ್ಲಿ ಮೊದಲು ಕಾಲುವೆ, ಕೊನೆಗೆ ಕೆರೆಗೆ ತೂಬು!

ಹಾಗಾದರೆ ಈ ಜಾಲದ ಜೀವಕೋಶಗಳು ಎಲ್ಲಿಯವು? 2010ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟಿ ರೆಡ್-ಹಾರ್ಸ್ ಮತ್ತು ಸಂಗಡಿಗರು ಇಲಿಯ ಭ್ರೂಣದಲ್ಲಿ ಇದರ ಜಾಡು ಹಿಡಿದರು. ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಯ ಕೋಶಗಳು ತಮ್ಮ ಹಳೆಯ ಗುರುತು ಕಳಚಿ, ಹೃದಯದ ಮೇಲೆ ಹರಡಿ, ಅಪಧಮನಿಗಳಾಗುತ್ತವೆ, ಲೋಮನಾಳಗಳೂ ಆಗುತ್ತವೆ. ಹೃದಯದ ಒಳಪೊರೆಯೂ ಇದಕ್ಕೆ ಕೋಶಗಳನ್ನು ಒದಗಿಸುತ್ತದೆಂದು 2012ರಲ್ಲಿ ಇನ್ನೊಂದು ತಂಡ ತೋರಿಸಿತು.

ಇದು ಬರೀ ಕುತೂಹಲದ ಮಾತಲ್ಲ. ಆಗತಾನೆ ಹುಟ್ಟಿದ ಇಲಿಮರಿಯ ಕರೊನರಿ ನಾಳವೊಂದನ್ನು ಕಟ್ಟಿದರೆ, ಅಪಧಮನಿಯ ಕೋಶಗಳು ಒಂದೊಂದಾಗಿ ಬಿಡಿಸಿಕೊಂಡು, ಲೋಮನಾಳಗಳ ಗುಂಟ ಸಾಗಿ, ಮತ್ತೆ ಒಂದುಗೂಡಿ ಬಳಸುದಾರಿ ಕಟ್ಟುತ್ತವೆ. ಬೆಳೆದ ಇಲಿ ಈ ವಿದ್ಯೆಯನ್ನು ಮರೆತಿರುತ್ತದೆ. ಆದರೆ ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನನ್ನು ಕೊಟ್ಟಾಗ ಅದರ ಹೃದಯದಲ್ಲೂ ಬಳಸುದಾರಿಗಳು ಮೂಡಿದವು. 2019ರಲ್ಲಿ ಪ್ರಕಟವಾದ ಈ ಸಂಶೋಧನೆಯ ಮೊದಲ ಲೇಖಕಿ ಸೌಮ್ಯಶ್ರೀ ದಾಸ್ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ತಮ್ಮದೇ ಪ್ರಯೋಗಾಲಯ ತೆರೆದರು.

ಇಲಿಯಲ್ಲಿ ಫಲಿಸಿದ್ದು ಮನುಷ್ಯನಲ್ಲೂ ಫಲಿಸಲೇಬೇಕೆಂದಿಲ್ಲ. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕಾಲಿನಿಂದಲೋ ಎದೆಯಿಂದಲೋ ನಾಳ ತೆಗೆದು ಹೃದಯಕ್ಕೆ ಜೋಡಿಸುತ್ತಾರೆ. ತನ್ನ ಕಾಲುವೆಯನ್ನು ತಾನೇ ತೋಡಿಕೊಳ್ಳುವ ಹಳೆಯ ವಿದ್ಯೆ ಹೃದಯಕ್ಕೆ ಮತ್ತೆ ನೆನಪಾದರೆ, ಒಂದು ದಿನ ಆ ಕತ್ತರಿ-ಹೊಲಿಗೆಯ ಕೆಲಸ ಕಡಿಮೆಯಾದೀತು.