ಧಾರಾವಾಹಿಯನ್ನು ದೂರುವ ಮುನ್ನ

ಸಂಜೆಯಾದರೆ ಧಾರಾವಾಹಿ, ಧಾರಾವಾಹಿಯೆಂದರೆ ಅತ್ತೆ-ಸೊಸೆಯರ ಜಗಳ, ಅದರಿಂದ ಮನೆಯ ಹೆಂಗಸರು ಕೆಟ್ಟರು. ಈ ಮಾತನ್ನು ನಮ್ಮ ಊರುಗಳ ವೇದಿಕೆಗಳಿಂದ ವರ್ಷಗಳಿಂದ ಕೇಳುತ್ತಲೇ ಬಂದಿದ್ದೇವೆ. ನಾವೂ ಹೇಳಿದ್ದುಂಟು. ಆದರೆ ಹೀಗೆ ದೂರುವವರಲ್ಲಿ ಎಷ್ಟು ಮಂದಿ, ಧಾರಾವಾಹಿ ಯಾರ ಹಣದಿಂದ, ಯಾವ ಲೆಕ್ಕಾಚಾರದಿಂದ ತಯಾರಾಗುತ್ತದೆಂದು ವಿಚಾರಿಸಿದ್ದಾರೆ? ನೋಡುವವರು ಅದನ್ನು ಹೇಗೆ ಅರ್ಥೈಸುತ್ತಾರೆಂದು ತಮ್ಮ ಮನೆಯವರನ್ನಾದರೂ ಕೇಳಿದ್ದಾರೆಯೇ?

ನಮ್ಮ ದೇಶದಲ್ಲಿ ಧಾರಾವಾಹಿ ಬಂದದ್ದೇ ಸುಧಾರಣೆಯ ಹೆಸರಿನಲ್ಲಿ. ಮೆಕ್ಸಿಕೋದಲ್ಲಿ ಮಿಗೆಲ್ ಸಬಿಡೋ ಎಂಬವರು 1970ರ ದಶಕದಲ್ಲಿ ವಯಸ್ಕರ ಶಿಕ್ಷಣ, ಕುಟುಂಬ ಯೋಜನೆಯಂತಹ ಸಂದೇಶಗಳನ್ನು ಕೌಟುಂಬಿಕ ಕಥೆಯೊಳಗೆ ಹೆಣೆದು ತೋರಿಸಿದ್ದರು. ಅದೇ ಮಾದರಿಯಲ್ಲಿ ದೂರದರ್ಶನವು 1984ರ ಜುಲೈಯಲ್ಲಿ 'ಹಮ್ ಲೋಗ್' ಆರಂಭಿಸಿತು. ಬರೆದವರು ಮನೋಹರ ಶ್ಯಾಮ ಜೋಶಿ. ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರ್ ಬಂದು ಕಥೆಯ ನೀತಿಯನ್ನು ವಿವರಿಸುತ್ತಿದ್ದರು. ಅದರಲ್ಲಿನ ತಾಯಿ ಭಾಗವಂತಿಯು ಗಂಡನ ಬೈಗುಳವನ್ನೂ ಅತ್ತೆಯ ಮೂದಲಿಕೆಯನ್ನೂ ನುಂಗಿಕೊಂಡು ಬಾಳುವವಳು. ಹೆಣ್ಣು ಹೀಗೆ ಬಾಳಬಾರದು ಎಂಬ ಎಚ್ಚರಿಕೆಗಾಗಿಯೇ ಆ ಪಾತ್ರವನ್ನು ರೂಪಿಸಲಾಗಿತ್ತು. ಆದರೆ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ವೀಕ್ಷಕರನ್ನು ಅಧ್ಯಯನ ಮಾಡಿದಾಗ ಕಂಡದ್ದೇನು? ಬಹಳಷ್ಟು ಮಂದಿಗೆ ಭಾಗವಂತಿಯೇ ಆದರ್ಶ ಗೃಹಿಣಿಯಾಗಿದ್ದಳು!

ಕಳುಹಿಸುವವನ ಅರ್ಥವೇ ಸ್ವೀಕರಿಸುವವನ ಅರ್ಥವಾಗಬೇಕಿಲ್ಲ ಎಂದು ಬ್ರಿಟನ್ನಿನ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲೇ ವಾದಿಸಿದ್ದರು. ಸುಧಾರಕರಾದ ನಮಗೆ ಇದು ನುಂಗಲಾರದ ತುತ್ತು. ಒಳ್ಳೆಯ ಸಂದೇಶ ಕೊಟ್ಟರೆ ಜನ ಸುಧಾರಿಸುತ್ತಾರೆ, ಕೆಟ್ಟದ್ದು ತೋರಿಸಿದರೆ ಕೆಡುತ್ತಾರೆ ಎಂಬ ನಮ್ಮ ಸುಲಭದ ಸೂತ್ರ ಎರಡೂ ಕಡೆಯಿಂದ ಮುರಿದು ಬೀಳುತ್ತದೆ.

ಇನ್ನು ಹಣದ ವಿಚಾರ. 'ಹಮ್ ಲೋಗ್'ನ ಪ್ರಾಯೋಜಕ ಮ್ಯಾಗಿ ನೂಡಲ್ಸ್. ಜಾಹೀರಾತನ್ನು ನಂಬಿದ ವಾಹಿನಿಯು ಮಾರುವ ನಿಜವಾದ ಸರಕು ವೀಕ್ಷಕರೇ ಎಂದು ಕೆನಡಾದ ಡಲ್ಲಾಸ್ ಸ್ಮೈಥ್ 1977ರಲ್ಲಿ ಬರೆದರು. 1992ರಲ್ಲಿ ಝೀ ಟಿ.ವಿ. ಆರಂಭವಾಗಿ, ಹಲವು ವಾಹಿನಿಗಳ ಪೈಪೋಟಿ ಹುಟ್ಟಿದ ಮೇಲೆ ಆ ಮಾತು ನಮ್ಮಲ್ಲೂ ನಿಜವಾಯಿತು. 2000ದ ಜುಲೈಯಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶುರುವಾದ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ' 2008ರವರೆಗೆ ಓಡಿ 1,800ಕ್ಕೂ ಹೆಚ್ಚು ಕಂತುಗಳನ್ನು ಕಂಡಿತು. ವಾರದ ಕಥೆ ದಿನದ ಕಥೆಯಾದಾಗ ಅದರ ಮೈಕಟ್ಟೇ ಬದಲಾಗುತ್ತದೆ. ನಾಳೆಯ ಕಂತನ್ನು ಇಂದು ಚಿತ್ರೀಕರಿಸಬೇಕು. ಆದ್ದರಿಂದ ಒಂದೇ ಮನೆ, ಅದೇ ಮೆಟ್ಟಿಲು, ಅದೇ ಅಡುಗೆಮನೆ. ಕಪಾಳಕ್ಕೆ ಬಿದ್ದ ಒಂದು ಏಟಿಗೆ ಎಂಟು ಮುಖಗಳನ್ನು ಮೂರು ಮೂರು ಬಾರಿ ತೋರಿಸುವುದು ಬರಹಗಾರನ ದಡ್ಡತನವೆಂದು ನಾವು ನಗುತ್ತೇವೆ. ಅದು ಅರ್ಧ ಗಂಟೆ ತುಂಬಿಸುವ ಅಗ್ಗದ ಉಪಾಯವೂ ಹೌದು. ಮುಕ್ತಾಯವೇ ಇಲ್ಲದ ಕಥೆಗೆ ಸಂಧಾನ ಶತ್ರು, ಜಗಳವೇ ಬಂಡವಾಳ.

ಈ ಕಥೆಗಳ ಅಂಗಳದಲ್ಲಿ ಮುಸ್ಲಿಂ ಕುಟುಂಬವು ಹೆಚ್ಚಾಗಿ ಹಬ್ಬದ ದಿನದ ಅತಿಥಿ ಮಾತ್ರ. 2012ರ 'ಕುಬೂಲ್ ಹೈ'ಯಂತಹ ಅಪವಾದಗಳನ್ನು ಬೆರಳಲ್ಲಿ ಎಣಿಸಬಹುದು. ಹತ್ತಾರು ಸಾವಿರ ಮನೆಗಳಲ್ಲಿ ಯಂತ್ರವಿಟ್ಟು ಕೋಟಿಗಟ್ಟಲೆ ಮನೆಗಳ ಅಭಿರುಚಿಯನ್ನು ಊಹಿಸುವ ಟಿ.ಆರ್.ಪಿ. ವ್ಯವಸ್ಥೆಯಲ್ಲಿ, ಎಲ್ಲರಿಗೂ ಒಪ್ಪಿಗೆಯಾಗುವ 'ಸಾಮಾನ್ಯ' ಮನೆಯನ್ನೇ ನಿರ್ಮಾಪಕ ಕಟ್ಟುತ್ತಾನೆ. ಆ ಮನೆಯ ವಿಳಾಸ ನಮ್ಮದಲ್ಲ. ಈಗಂತೂ ಮೊಬೈಲಿನಲ್ಲಿ ಒಬ್ಬೊಬ್ಬರ ನೋಟವನ್ನೂ ಪ್ರತ್ಯೇಕವಾಗಿ ಅಳೆಯಲಾಗುತ್ತಿದೆ. ಮಗ ಏನು ನೋಡುತ್ತಾನೆಂದು ಕಂಪೆನಿಗೆ ಗೊತ್ತು, ತಂದೆಗೆ ಗೊತ್ತಿಲ್ಲ.

ನೆದರ್ಲೆಂಡ್ಸಿನ ಸಂಶೋಧಕಿ ಇಯೆನ್ ಆಂಗ್, ಅಮೆರಿಕದ 'ಡಲ್ಲಾಸ್' ಧಾರಾವಾಹಿ ತಮಗೇಕೆ ಇಷ್ಟ ಅಥವಾ ಏಕೆ ಇಷ್ಟವಿಲ್ಲವೆಂದು ತಿಳಿಸುವಂತೆ ಮಹಿಳಾ ಪತ್ರಿಕೆಯೊಂದರಲ್ಲಿ ಪುಟ್ಟ ಪ್ರಕಟಣೆ ಕೊಟ್ಟರು. ಬಂದದ್ದು 42 ಪತ್ರಗಳು. ಅವುಗಳನ್ನು ಆಧರಿಸಿ ಬರೆದ ಪುಸ್ತಕವನ್ನು ಮಾಧ್ಯಮ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ನಮ್ಮ ತಾಯಂದಿರು, ಸಹೋದರಿಯರು ಇಷ್ಟು ವರ್ಷ ಧಾರಾವಾಹಿ ನೋಡಿದ್ದಾರೆ. ಅವರಿಗೆ ನಾವು ಉಪದೇಶ ಕಳುಹಿಸಿದ್ದೇವೆಯೇ ಹೊರತು ಅಂತಹ ಒಂದು ಪ್ರಶ್ನೆಯನ್ನು ಈವರೆಗೆ ಕಳುಹಿಸಿಲ್ಲ.