ಪರಊರಿನ ಮೆಕ್ಯಾನಿಕ್

ಪರಊರಿನಲ್ಲಿ ನಮ್ಮವರು ಇಬ್ಬರು ಸೇರಿದರೆ ಸಾಕು, ಒಂದು ಮಾತು ಬಂದೇ ಬರುತ್ತದೆ: "ಹೊರಗಿನವರು ಅಂತ ಗೊತ್ತಾದ್ರೆ ಇಲ್ಲಿ ಸುಲೀತಾರೆ ಕಣ್ರೀ." ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ನಾನೂ ಇದನ್ನು ಹೇಳಿದವನೇ. ಇಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲ ಎಂಬುದು ನನ್ನ ಈಗಿನ ವಾದ.

2009ರಲ್ಲಿ ನಾಸಿಕ್‌ನಿಂದ ಔರಂಗಾಬಾದಿಗೆ ವರ್ಗವಾಗಿತ್ತು. (2023ರಿಂದ ಆ ಊರು ಛತ್ರಪತಿ ಸಂಭಾಜಿನಗರ.) ಸಂಸಾರ ನಾಸಿಕ್‌ನಲ್ಲೇ. ಒಂದು ಶನಿವಾರ ಮನೆಗೆ ಹೊರಟವನ ಹಳೇ ಪೆಟ್ರೋಲ್ ಕಾರು ಯೇವಲಾ ದಾಟಿದ ಮೇಲೆ ತಟ್ಟನೆ ನಿಂತಿತು. ಕೀಲಿ ತಿರುಗಿಸಿದರೆ ಭಾರವೇ ಇಲ್ಲದ ಹಾಗೆ ಸರ್ರನೆ ಸುತ್ತಿತು. ಟೈಮಿಂಗ್ ಬೆಲ್ಟ್ ಹರಿದಿತ್ತು.

ಕಾರನ್ನು ಎಳೆಸಿಕೊಂಡು ನಾಸಿಕ್‌ಗೆ ತಂದೆ. ಮೆಕ್ಯಾನಿಕ್, "ಸಾಹೇಬ್, ಆಧೀ ಕಾಂಪ್ರೆಶನ್ ಬಘಾ" ಅಂದ. ಮೊದಲು ಕಾಂಪ್ರೆಶನ್ ನೋಡಿ, ವಾಲ್ವ್ ಬಾಗಿದ್ದರೆ ಹೆಡ್ ಇಳಿಸಬೇಕು ಅಂತ. ನನ್ನ ಕಿವಿಗೆ ಬಿದ್ದದ್ದು ಬಿಲ್ಲು ಮಾತ್ರ. ಹರಿದದ್ದು ಬೆಲ್ಟು, ಹೆಡ್ ಯಾಕಪ್ಪಾ ಇಳಿಸಬೇಕು? ಕಾರನ್ನು ಮನೆಗೆ ಒಯ್ದು ನಾನೇ ಕೂತೆ.

ಎರಡು ಭಾನುವಾರ ಹೋಯಿತು. ಬ್ಯಾಟರಿ ತಂತಿ ಬಿಚ್ಚಿದೆ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿನ ಜೊತೆ ಗುದ್ದಾಡಿದೆ, ಕ್ರ್ಯಾಂಕ್ ಮತ್ತು ಕ್ಯಾಮಿನ ಗುರುತು ಹೊಂದಿಸಿದೆ, ಹೊಸ ಟೆನ್ಷನರ್ ಸಮೇತ ಬೆಲ್ಟ್ ಕೂರಿಸಿದೆ. ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಮತ್ತೆ ಗುರುತು ನೋಡಿದೆ. ಎಲ್ಲ ಸರಿ. ಎಂಜಿನ್ ಮಾತ್ರ ಸ್ಟಾರ್ಟ್ ಆಗಲಿಲ್ಲ.

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಈ ಲೆಕ್ಕ ಇಡುವುದು ಬೆಲ್ಟ್. ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಇಳಿಯುವ ಜಾಗಕ್ಕೇ ಬೇರೆ ಹೊತ್ತಿನಲ್ಲಿ ಪಿಸ್ಟನ್ ಏರುತ್ತದೆ. ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ಓಟದ ರಭಸಕ್ಕೆ ಬಂದು ತೆರೆದ ವಾಲ್ವಿಗೆ ಹೊಡೆಯುತ್ತದೆ. ಬಾಗಿದ ವಾಲ್ವನ್ನು ಹೊಸ ಬೆಲ್ಟ್ ನೇರ ಮಾಡೀತೇ? ಕೆಲವು ಎಂಜಿನ್‌ಗಳಲ್ಲಿ ನಡುವೆ ಜಾಗವಿದ್ದು ಪಾರಾಗುತ್ತವೆ. ನನ್ನದು ಯಾವ ಜಾತಿ ಅಂತ ವಿಚಾರಿಸಲೇ ಇಲ್ಲ. ವೋಚರ್ ನೋಡದೆ ಸಹಿ ಹಾಕಿದ ಗುಮಾಸ್ತನಿಗೆ ಮೆಮೊ ಕೊಡುತ್ತಿದ್ದವನು ನಾನು!

ಅದೇ ಮೆಕ್ಯಾನಿಕ್ ಹತ್ತಿರ ತಲೆ ತಗ್ಗಿಸಿ ಹೋದೆ. ಅವನು ನಗಲಿಲ್ಲ. ಹೆಡ್ ಇಳಿಸಿ, ಬಾಗಿದ ಮೂರು ವಾಲ್ವ್‌ಗಳನ್ನು ನನ್ನ ಕೈಗೇ ಕೊಟ್ಟ.

"ಹಾಗಾದ್ರೆ ನಮ್ಮ ಕೆಲಸ ನಾವೇ ಮಾಡಿಕೊಳ್ಳೋದು ತಪ್ಪಾ?" ಅಂತೀರಿ. ಖಂಡಿತ ಅಲ್ಲ. ಕೈಪುಸ್ತಕ ಹೇಳಿದ ಕಿಲೋಮೀಟರಿಗೆ, ಹರಿಯುವ ಮೊದಲೇ, ಸಲಕರಣೆ ಮತ್ತು ತಾಳ್ಮೆ ಇದ್ದವರು ಮಾಡಲಿ. ಆದರೆ ಕೆಲಸದ ಪ್ರೀತಿಯಿಂದ ಸ್ಪ್ಯಾನರ್ ಹಿಡಿಯುವುದು ಬೇರೆ, ಎದುರಿನವನ ಮೇಲಿನ ಅನುಮಾನದಿಂದ ಹಿಡಿಯುವುದು ಬೇರೆ. ಮೋಸಗಾರರು ನಾಸಿಕ್‌ನಲ್ಲೂ ಇದ್ದಾರೆ, ಹುಬ್ಬಳ್ಳಿಯಲ್ಲೂ ಇದ್ದಾರೆ. ಕಾಂಪ್ರೆಶನ್ ಎಷ್ಟು ಬಂತು ಕೇಳಿ, ಹಳೇ ಸಾಮಾನು ವಾಪಸ್ ಕೇಳಿ. ಅದು ಪರೀಕ್ಷೆ. ಆಡುವ ಭಾಷೆ ಯಾವುದು ಅನ್ನೋದು ಪರೀಕ್ಷೆಯಲ್ಲ.

ನಿಮ್ಮೂರಿನ ಗ್ಯಾರೇಜಿನಲ್ಲಿ ಎಂಎಚ್-15 ನಂಬರಿನ ಕಾರು ನಿಂತಿದ್ದರೆ ಒಮ್ಮೆ ಗಮನಿಸಿ. ಅದರ ಯಜಮಾನ ಹೆಂಡತಿಯ ಕಿವಿಯಲ್ಲಿ ಮರಾಠಿಯಲ್ಲಿ ಏನೋ ಪಿಸುಗುಡುತ್ತಿರುತ್ತಾನೆ. ನಾವು ಇಲ್ಲಿ ಆಡುವ ಮಾತೇ ಅದು, ನಿಮ್ಮೂರಿನವರ ಬಗ್ಗೆ.